ಪಿಂಚಣಿ ಹೆಚ್ಚು ಬಂದಿದೆ, ವಾಪಸು ಕಟ್ಟಿ ಎಂದು ನೋಟಿಸ್ ಬಂದರೆ: ಮೊದಲ ದಿನದಿಂದ ಟ್ರಿಬ್ಯುನಲ್‌ವರೆಗೆ

2023ರ ಡಿಸೆಂಬರ್‌ನಲ್ಲಿ ಉತ್ತರ ಕನ್ನಡ ಜಿಲ್ಲೆಯ ಕುಮಟಾದಲ್ಲಿರುವ ನಮ್ಮ ಚಿಕ್ಕಿಗೆ ಬ್ಯಾಂಕಿನಿಂದ ಒಂದೇ ಹಾಳೆಯ ಪತ್ರ ಬಂತು. ಚಿಕ್ಕಪ್ಪ ಸರ್ಕಾರಿ ಹೈಸ್ಕೂಲಿನಲ್ಲಿ ಮಾಸ್ತರರಾಗಿದ್ದವರು, 2016ರಲ್ಲಿ ನಿವೃತ್ತರಾಗಿ 2018ರಲ್ಲಿ ತೀರಿಕೊಂಡರು. ಅಲ್ಲಿಂದ ಚಿಕ್ಕಿಗೆ ಕುಟುಂಬ ಪಿಂಚಣಿ ಬರುತ್ತಿತ್ತು. ಪತ್ರದಲ್ಲಿ ಇದ್ದದ್ದು ಇಷ್ಟೇ: ನಿಮಗೆ ಪಿಂಚಣಿ ಹೆಚ್ಚು ಪಾವತಿಯಾಗಿದೆ, ₹4,62,000 ವಸೂಲಿ ಮಾಡಲಾಗುವುದು. ಜೊತೆಗೆ ಒಂದು ಒಪ್ಪಿಗೆ ಪತ್ರದ ನಮೂನೆ, ಕೆಳಗೆ ಸಹಿಗೆ ಪೆನ್ಸಿಲಿನ ಗುರುತು. ಚಿಕ್ಕಿ ಅದನ್ನು ದೇವರ ಕೋಣೆಯ ಮೂಲೆಯಲ್ಲಿ ಇಟ್ಟು ಮೂರು ದಿನ ಯಾರಿಗೂ ಹೇಳಿರಲಿಲ್ಲ. ನಾನು ಹೋದಾಗ ಕೇಳಿದ್ದು ಒಂದೇ ಮಾತು: "ತಮಾ, ನಾನೇನು ಯಾರದ್ದಾದರೂ ಕದ್ದಿದ್ದೇನಾ?"

ಕದ್ದಿಲ್ಲ. ಹಾಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆಮೇಲೆ ನಮ್ಮ ಕಡೆಯ ನಾಲ್ಕೈದು ನಿವೃತ್ತ ಅಕ್ಕೋರು, ಮಾಸ್ತರರ ಕಾಗದಗಳನ್ನೂ ನೋಡಿದೆ. ಎಲ್ಲ ಕಡೆ ಕಥೆ ಹೆಚ್ಚುಕಡಿಮೆ ಒಂದೇ. ಜನ ಹೆದರುತ್ತಾರೆ, ನಾಚಿಕೆ ಪಡುತ್ತಾರೆ, ಸಹಿ ಹಾಕಿಬಿಡುತ್ತಾರೆ.

ಒಂದು ಮಾತನ್ನು ಮೊದಲೇ ತಲೆಯಲ್ಲಿ ಕೂರಿಸಿಕೊಳ್ಳಿ. ಇಲ್ಲಿ ಪ್ರಶ್ನೆ ಒಂದಲ್ಲ, ಎರಡು. ಹಣ ನಿಜವಾಗಿ ಹೆಚ್ಚು ಬಂದಿದೆಯೇ, ಬಂದಿದ್ದರೆ ಎಷ್ಟು ಎನ್ನುವುದು ಮೊದಲನೆಯದು. ಬಂದಿದ್ದರೂ ಅದನ್ನು ಈಗ ನಿಮ್ಮಿಂದ ವಾಪಸು ಕೀಳಬಹುದೇ ಎನ್ನುವುದು ಎರಡನೆಯದು. ಪತ್ರ ಬರೆಯುವವರು ಇವೆರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಿಬಿಡುತ್ತಾರೆ, ನಾವೂ "ಹೆಚ್ಚು ಬಂದಿದೆ ಅಂದಮೇಲೆ ಕೊಡಲೇಬೇಕಲ್ವಾ" ಎಂದು ತಲೆ ತಗ್ಗಿಸುತ್ತೇವೆ. ಹಾಗೇನಿಲ್ಲ.

ಮೊದಲ ದಿನ: ಸಹಿ ಬೇಡ, ದಿನಾಂಕ ಬರೆದಿಡಿ

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ. "ಇದು ಬರೀ ಫಾರ್ಮಾಲಿಟಿ, ಮೇಲಿನವರು ಕೇಳುತ್ತಾರೆ" ಎಂದು ಕೌಂಟರಿನಲ್ಲಿ ಹೇಳಿದರೂ ಬೇಡ. ಎಷ್ಟು ಹಣ, ಯಾವ ತಿಂಗಳದ್ದು ಎಂದು ತಿಳಿಯುವ ಮೊದಲೇ ಸಹಿ ಹಾಕಿದರೆ ಮೇಲಿನ ಎರಡೂ ಪ್ರಶ್ನೆಗೆ ನೀವೇ ಉತ್ತರ ಕೊಟ್ಟ ಹಾಗೆ. ಬ್ಯಾಂಕಿನವರೊಡನೆ ಜಗಳವೂ ಬೇಡ. "ಮನೆಗೆ ಒಯ್ದು ಓದಿ, ಬರವಣಿಗೆಯಲ್ಲಿ ಉತ್ತರ ಕೊಡುತ್ತೇನೆ" ಎಂದು ಹೇಳಿ ಎದ್ದು ಬನ್ನಿ.

ಲಕೋಟೆ ಎಸೆಯಬೇಡಿ. ಪತ್ರದ ಮೇಲಿನ ದಿನಾಂಕ ಒಂದಿರುತ್ತದೆ, ನಿಮ್ಮ ಕೈಗೆ ಮುಟ್ಟಿದ ದಿನ ಇನ್ನೊಂದು. ನಮ್ಮ ಕಡೆ ಒಳಗಿನ ಊರುಗಳಿಗೆ, ಅದರಲ್ಲೂ ಮಳೆಗಾಲದಲ್ಲಿ, ಟಪಾಲು ಮುಟ್ಟಲು ತಡವಾಗುತ್ತದೆ. ಚಿಕ್ಕಿಗೆ ಬಂದ ಪತ್ರದಲ್ಲಿ 15 ದಿನದ ಗಡುವು ಇತ್ತು, ಆದರೆ ಅದು ಕೈಗೆ ಬರುವಾಗಲೇ 11 ದಿನ ಕಳೆದಿತ್ತು. ಲಕೋಟೆಯ ಮೇಲಿನ ಅಂಚೆ ಮುದ್ರೆಯೇ ಅದಕ್ಕೆ ಸಾಕ್ಷಿ. ಪತ್ರ, ಲಕೋಟೆ ಎರಡಕ್ಕೂ ಫೋಟೋ ತೆಗೆದು ಮಕ್ಕಳ ಫೋನಿಗೂ ಕಳಿಸಿಡಿ.

ಆಮೇಲೆ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಎಷ್ಟೋ ಸಲ ಪತ್ರ ಬರುವ ಮೊದಲೇ ಖಾತೆಗೆ ಹೋಲ್ಡ್ ಹಾಕಿರುತ್ತಾರೆ, ಇಲ್ಲವೇ ಒಂದು ಕಂತು ಕಡಿದಿರುತ್ತಾರೆ. ಚಿಕ್ಕಿಗೆ ನವೆಂಬರ್‌ನಲ್ಲಿ ಬಂದದ್ದು ₹35,000. ಡಿಸೆಂಬರ್‌ನಲ್ಲಿ ಸಾಮಾನ್ಯ ದರಕ್ಕೆ ಇಳಿಸಿ ₹21,000 ಮಾಡಿ, ಅದರಲ್ಲೂ ಮೂರನೇ ಒಂದು ಪಾಲು ಕಡಿದು ₹14,000 ಹಾಕಿದ್ದರು. ಕರೆಂಟ್ ಬಿಲ್ಲು, ಬಿಪಿ ಮಾತ್ರೆ, ತೋಟದ ಆಳಿನ ಸಂಬಳ ಎಲ್ಲ 35 ಸಾವಿರದ ಲೆಕ್ಕದಲ್ಲೇ ನಡೆಯುತ್ತಿದ್ದ ಮನೆ ಅದು.

ಎರಡನೇ ಕೆಲಸ: ಕಡಿತ ನಿಲ್ಲಿಸಿ ಎಂದು ಒಂದು ಪುಟದ ಪತ್ರ

ಇದಕ್ಕೆ ವಕೀಲರು ಬೇಕಾಗಿಲ್ಲ. ಕನ್ನಡದಲ್ಲೇ ಬರೆಯಿರಿ, ಕೈಬರಹವಾದರೂ ನಡೆಯುತ್ತದೆ. ನಾವು ಬರೆದದ್ದು ಹೀಗೆ (ಪಿಪಿಒ ಅಂದರೆ ಪಿಂಚಣಿ ಪಾವತಿ ಆದೇಶ, ಮುಚ್ಚಳಿಕೆ ಅಂದರೆ ಹೆಚ್ಚು ಬಂದರೆ ವಾಪಸು ಕೊಡುತ್ತೇನೆ ಎಂದು ಬರೆದುಕೊಟ್ಟ ಕಾಗದ):

"ವಿಷಯ: ಪಿಪಿಒ ಸಂಖ್ಯೆ … ಕುಟುಂಬ ಪಿಂಚಣಿಯಿಂದ ಮಾಡುತ್ತಿರುವ ಕಡಿತ ತಡೆಹಿಡಿಯುವ ಬಗ್ಗೆ. ತಮ್ಮ ದಿನಾಂಕ … ರ ಪತ್ರ ನನಗೆ ದಿನಾಂಕ … ರಂದು ತಲುಪಿದೆ. ಅದರಲ್ಲಿ ಹೇಳಿದ ಮೊತ್ತವನ್ನು ನಾನು ಒಪ್ಪಿಲ್ಲ. ಕಡಿತ ಮಾಡುವ ಮೊದಲು ನನಗೆ ನೋಟಿಸ್ ಕೊಟ್ಟಿಲ್ಲ, ನನ್ನ ಮಾತು ಕೇಳಿಲ್ಲ. ತಿಂಗಳುವಾರು ಲೆಕ್ಕ, ವಸೂಲಿಗೆ ಆಧಾರವಾದ ಆದೇಶ ಮತ್ತು ನಾನು ಬರೆದುಕೊಟ್ಟಿರುವುದಾಗಿ ಹೇಳುವ ಮುಚ್ಚಳಿಕೆ ಇದ್ದರೆ ಅದರ ಪ್ರತಿ ಕೊಡಬೇಕು. ಅವು ನನ್ನ ಕೈಗೆ ಬಂದು, ನಾನು ಉತ್ತರ ಕೊಟ್ಟು, ಅದರ ಮೇಲೆ ಲಿಖಿತ ತೀರ್ಮಾನ ಆಗುವವರೆಗೆ ಕಡಿತ ನಿಲ್ಲಿಸಬೇಕು. ಈಗಾಗಲೇ ಕಡಿದ ₹7,000 ಮರಳಿ ಜಮಾ ಮಾಡಬೇಕು."

ಇಷ್ಟೇ. ಕಷ್ಟ-ಸುಖ, ಕಾಯಿಲೆ, ಮಗಳ ಮದುವೆ ಎಲ್ಲ ಈ ಪತ್ರದಲ್ಲಿ ಬೇಡ, ಅದಕ್ಕೆ ಮುಂದಿನ ಪತ್ರದಲ್ಲಿ ಜಾಗ ಇದೆ.

ಎರಡು ಪ್ರತಿ ಮಾಡಿ. ಒಂದನ್ನು ಶಾಖೆಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. "ಮೇಲಿನವರಿಗೆ ಕಳಿಸುತ್ತೇವೆ, ಸೀಲು ಯಾಕೆ" ಎಂದರೆ ಸ್ಪೀಡ್ ಪೋಸ್ಟಿನಲ್ಲಿ ಹಾಕಿ ರಸೀದಿ ಇಟ್ಟುಕೊಳ್ಳಿ. ಹಳೆಯ ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿಸಿದ್ದಾರೆ, ಹಾಗಾಗಿ ಅಂಚೆ ಕಚೇರಿಯಲ್ಲಿ ಗಲಿಬಿಲಿ ಬೇಡ. ಇದೇ ಪತ್ರದ ಒಂದೊಂದು ಪ್ರತಿ ಬ್ಯಾಂಕಿನ ಪಿಂಚಣಿ ಕೇಂದ್ರಕ್ಕೂ ಕಾರವಾರದ ಜಿಲ್ಲಾ ಖಜಾನೆಗೂ ಹೋಗಲಿ. ಬಾಯಿಮಾತಿನಲ್ಲಿ ಹೇಳಿ ಬಂದದ್ದಕ್ಕೆ ಯಾವ ಕಚೇರಿಯಲ್ಲೂ ಬೆಲೆ ಇಲ್ಲ.

ಮೂರನೆಯದು: ಲೆಕ್ಕದ ತಖ್ತೆ ತೆಗೆಸುವುದು

ಕೇಳಿದ ತಿಂಗಳುವಾರು ಲೆಕ್ಕದ ಪಟ್ಟಿ, ಅಂದರೆ ತಖ್ತೆ, ಬರಲು ಹದಿನೈದು ದಿನ ಕಾಯಿರಿ. ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಸರ್ಕಾರಿ ವಲಯದ ಬ್ಯಾಂಕೂ ಈ ಕಾಯ್ದೆಗೆ ಬರುತ್ತದೆ, ಖಜಾನೆ ಮತ್ತು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಬಂದೇ ಬರುತ್ತವೆ. ಶುಲ್ಕ ₹10, ಪೋಸ್ಟಲ್ ಆರ್ಡರ್ ನಡೆಯುತ್ತದೆ. ಉತ್ತರ ಕೊಡಲು ಅವರಿಗೆ 30 ದಿನ. ಕೊಡದಿದ್ದರೆ ಅದೇ ಸಂಸ್ಥೆಯ ಮೇಲಿನ ಅಧಿಕಾರಿಗೆ 30 ದಿನದೊಳಗೆ ಮೊದಲ ಮೇಲ್ಮನವಿ.

ಇಲ್ಲಿ ಒಂದು ಸಣ್ಣ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ಕರ್ನಾಟಕ ಸರ್ಕಾರದ ಕಚೇರಿಗೆ ಹಾಕುವ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ದಾಟಬಾರದು. ಬ್ಯಾಂಕಿಗೆ ಹಾಕುವುದಕ್ಕೆ ಕೇಂದ್ರದ ನಿಯಮ, ಅಲ್ಲಿ 500 ಪದ. ಖಜಾನೆಗೆ ಎರಡು ಪುಟದ ಕಥೆ ಬರೆದರೆ ಅದೇ ನೆಪದಲ್ಲಿ ಅರ್ಜಿ ವಾಪಸು ಬರುತ್ತದೆ. "ಯಾಕೆ ಹೀಗೆ ಮಾಡಿದಿರಿ" ಎಂದು ಕೇಳಬೇಡಿ, ಕಾಗದ ಕೇಳಿ: ತಿಂಗಳುವಾರು ಕೊಡಬೇಕಾದ ಮೊತ್ತ ಮತ್ತು ಕೊಟ್ಟ ಮೊತ್ತದ ತಖ್ತೆ, ಹೆಚ್ಚು ಪಾವತಿ ಮೊದಲು ಯಾರ ಗಮನಕ್ಕೆ ಯಾವ ದಿನ ಬಂತು ಎಂಬ ಟಿಪ್ಪಣಿ, ವಸೂಲಿ ಆದೇಶ, ಮುಚ್ಚಳಿಕೆಯ ಪ್ರತಿ.

ನಾಲ್ಕನೆಯದು: ಕೂತು ಲೆಕ್ಕ ಹಾಕಿ

ಇದೇ ನಿಜವಾದ ಕೆಲಸ. ಎಲ್ಲರೂ ಬಿಟ್ಟುಬಿಡುವುದೂ ಇದನ್ನೇ.

ಚಿಕ್ಕಿಯ ಮನೆಯ ಜಗಲಿಯಲ್ಲಿ ಕೂತು ₹4,62,000ವನ್ನು 33 ತಿಂಗಳಿಗೆ ಭಾಗಿಸಿದೆ. ಸರಿಯಾಗಿ ₹14,000 ಬಂತು, ಒಂದು ಪೈಸೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಅಲ್ಲೇ ಸಂಶಯ ಬಂತು. ಪಿಂಚಣಿಯ ಮೇಲೆ ತುಟ್ಟಿಭತ್ಯೆ (ಡಿಎ) ಇರುತ್ತದೆ, ಅದು ಸಾಮಾನ್ಯವಾಗಿ ಜನವರಿ ಮತ್ತು ಜುಲೈಗೆ ಏರುತ್ತದೆ. ರಾಜ್ಯದಲ್ಲಿ 2021ರ ಜೂನ್‌ವರೆಗೆ ಶೇಕಡಾ 11.25 ಇದ್ದದ್ದು 2023ರ ಜುಲೈಗೆ ಶೇಕಡಾ 38.75 ಆಗಿತ್ತು. ಹಾಗಿರುವಾಗ ಎರಡು ದರಗಳ ನಡುವಿನ ವ್ಯತ್ಯಾಸ 33 ತಿಂಗಳೂ ಒಂದೇ ಇರುವುದು ಹೇಗೆ? ಯಾರೋ ಕೊನೆಯ ತಿಂಗಳ ವ್ಯತ್ಯಾಸವನ್ನು ತೆಗೆದುಕೊಂಡು ಸುಮ್ನೆ ಗುಣಿಸಿಬಿಟ್ಟಿದ್ದರು.

ಆಮೇಲೆ ಪಿಪಿಒ ತೆಗೆದೆವು. ಕುಟುಂಬ ಪಿಂಚಣಿ ಎರಡು ದರದಲ್ಲಿ ಇರುತ್ತದೆ ಎಂಬುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಮೊದಲ ಕೆಲವು ವರ್ಷ ಹೆಚ್ಚಿನ ದರ, ಆಮೇಲೆ ಸಾಮಾನ್ಯ ದರ. ಹೆಚ್ಚಿನ ದರ ಯಾವ ದಿನಕ್ಕೆ ಮುಗಿಯುತ್ತದೆ ಎಂದು ಮಹಾಲೇಖಪಾಲರ ಕಚೇರಿ ಪಿಪಿಒದಲ್ಲೇ ಬರೆದು ಕಳಿಸಿರುತ್ತದೆ. ಆ ದಿನ ಕಂಪ್ಯೂಟರಿನಲ್ಲಿ ದರ ಇಳಿಸುವುದು ಹಣ ಹಾಕುವವರ ಕೆಲಸ, ವಿಧವೆಯ ಕೆಲಸ ಅಲ್ಲ. ಚಿಕ್ಕಿಯ ಪಿಪಿಒದಲ್ಲಿ ಇದ್ದದ್ದು 31.08.2021. ಬ್ಯಾಂಕು ಲೆಕ್ಕ ಶುರು ಮಾಡಿದ್ದು 2021ರ ಮಾರ್ಚ್‌ನಿಂದ. ಆರು ತಿಂಗಳು ಸುಮ್ಮನೆ ಸೇರಿಸಿದ್ದರು, ಅದೇ ₹84,000!

ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ಬರೆದೆವು. ತಿಂಗಳು, ಮೂಲ ಪಿಂಚಣಿ ಎಷ್ಟಿರಬೇಕಿತ್ತು, ಆ ತಿಂಗಳ ಡಿಎ, ಒಟ್ಟು, ಪಾಸ್‌ಬುಕ್ಕಿನಲ್ಲಿ ಬಂದದ್ದು, ವ್ಯತ್ಯಾಸ. ಹೆಚ್ಚಿನ ದರದ ಮೂಲ ₹25,225, ಸಾಮಾನ್ಯ ದರದ್ದು ₹15,135. ಆಯಾ ತಿಂಗಳ ಡಿಎ ಹಾಕಿ, ಸರಿಯಾದ ದಿನದಿಂದ ಕೂಡಿಸಿದಾಗ ಬಂದದ್ದು ಸುಮಾರು ₹3,58,000. ಅಂದರೆ ಒಂದು ಲಕ್ಷದ ಮೇಲೆ ಮೂರು ಸಾವಿರಕ್ಕೂ ಹೆಚ್ಚು ಹಣ ಇಲ್ಲದ ಬಾಕಿ. ನಾನು ಲೆಕ್ಕಪರಿಶೋಧಕನಲ್ಲ, ಪಿಯುಸಿ ಮಟ್ಟದ ಗಣಿತ ಬಂದರೆ ಸಾಕು.

ನೀವೂ ನೋಡಬೇಕಾದ ಇನ್ನು ಕೆಲವು ಜಾಗಗಳಿವೆ. ಕಮ್ಯುಟೇಷನ್ ಮಾಡಿಸಿದವರಿಗೆ, ಅಂದರೆ ಪಿಂಚಣಿಯ ಒಂದು ಪಾಲನ್ನು ಮೊದಲೇ ಒಟ್ಟಿಗೆ ಪಡೆದವರಿಗೆ, ಕಡಿತ ಯಾವ ತಿಂಗಳಿಂದ ಶುರುವಾಯಿತು, 15 ವರ್ಷವಾದ ಮೇಲೆ ಪೂರ್ತಿ ಪಿಂಚಣಿ ಮರಳಿ ಸಿಕ್ಕಿದೆಯೇ ನೋಡಿ. ಅಲ್ಲಿ ನಿಮಗೇ ಬರಬೇಕಾದ ಹಣ ಇರಬಹುದು, ಅದನ್ನು ಎದುರು ಲೆಕ್ಕದಲ್ಲಿ ತೋರಿಸಿ. ವೇತನ ಪರಿಷ್ಕರಣೆಯ ಬಾಕಿ ಪೂರ್ತಿ ಬಂದಿದೆಯೇ? ಏಳನೇ ವೇತನ ಆಯೋಗದ ಹಣಕಾಸಿನ ಲಾಭ ರಾಜ್ಯದಲ್ಲಿ 2024ರ ಆಗಸ್ಟ್ 1ರಿಂದ, ಹಾಗಾಗಿ ಆ ತಿಂಗಳ ಹಿಂದಿನ ಮತ್ತು ಮುಂದಿನ ಮೂಲ ಪಿಂಚಣಿ ಬೇರೆ ಬೇರೆ. ಎರಡನ್ನೂ ಒಂದೇ ಅಂಕಿಯಲ್ಲಿ ಗುಣಿಸಿದ್ದರೆ ಅದು ತಪ್ಪು. ಈಗಾಗಲೇ ಕಡಿದ ಕಂತುಗಳನ್ನು ಬಾಕಿಯಿಂದ ಕಳೆದಿದ್ದಾರೆಯೇ ಎಂಬುದನ್ನೂ ನೋಡಿ, ಇದನ್ನು ಮರೆಯುವುದು ಅಪರೂಪವೇನಲ್ಲ.

ನಿವೃತ್ತರಾಗುವಾಗ ಇಂಕ್ರಿಮೆಂಟ್ ತಪ್ಪಾಗಿದೆ ಎಂದು ಆಡಿಟ್‌ನಲ್ಲಿ ಬಂದ ಕೇಸಾದರೆ ಸೇವಾ ಪುಸ್ತಕದ ಪ್ರತಿ ಬೇಕಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಶಿಕ್ಷಣ ಇಲಾಖೆಗೆ ಎರಡು ಶೈಕ್ಷಣಿಕ ಜಿಲ್ಲೆ, ಕಾರವಾರ ಒಂದು, ಶಿರಸಿ ಒಂದು. ಕುಮಟಾ, ಹೊನ್ನಾವರ, ಭಟ್ಕಳದವರು ಕಾರವಾರದ ಡಿಡಿಪಿಐ (ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಕಚೇರಿಗೆ, ಘಟ್ಟದ ಮೇಲಿನ ಸಿದ್ದಾಪುರ, ಯಲ್ಲಾಪುರದವರು ಶಿರಸಿಗೆ. ತಪ್ಪು ಕಚೇರಿಗೆ ಅರ್ಜಿ ಹಾಕಿ ತಿಂಗಳು ಕಳೆದುಕೊಳ್ಳಬೇಡಿ.

ಐದನೆಯದು: ಹೆಚ್ಚು ಬಂದಿದ್ದರೂ ವಾಪಸು ಕೇಳಬಹುದೇ?

ಈಗ ಎರಡನೇ ಪ್ರಶ್ನೆಗೆ ಬನ್ನಿ. ಇದರಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪಿನ ಹೆಸರು ಬಾಯಿಪಾಠ ಇರಲಿ: ಪಂಜಾಬ್ ರಾಜ್ಯ ವಿರುದ್ಧ ರಫೀಕ್ ಮಸೀಹ್. ತೀರ್ಪಿನ ದಿನ 2014ರ ಡಿಸೆಂಬರ್ 18. ಕಚೇರಿಯ ತಪ್ಪಿನಿಂದ ಹೆಚ್ಚು ಹಣ ಹೋಗಿದ್ದರೆ ಐದು ಸಂದರ್ಭದಲ್ಲಿ ವಸೂಲಿ ಮಾಡುವಂತಿಲ್ಲ ಎಂದು ಅದರಲ್ಲಿದೆ. ಮೂರು ಮತ್ತು ನಾಲ್ಕನೇ ದರ್ಜೆಯ, ಅಂದರೆ ಗ್ರೂಪ್ ಸಿ ಮತ್ತು ಡಿ ನೌಕರರಿಂದ ಆಗದು. ನಿವೃತ್ತರಾದವರಿಂದ ಅಥವಾ ಇನ್ನೊಂದು ವರ್ಷದಲ್ಲಿ ನಿವೃತ್ತರಾಗುವವರಿಂದ ಆಗದು. ವಸೂಲಿ ಆದೇಶಕ್ಕೆ ಮೊದಲು ಐದು ವರ್ಷಕ್ಕಿಂತ ಹೆಚ್ಚು ಕಾಲ ಹಣ ಹೋಗುತ್ತಲೇ ಇದ್ದರೆ ಆಗದು. ತಪ್ಪಾಗಿ ಮೇಲಿನ ಹುದ್ದೆಯ ಕೆಲಸ ಮಾಡಿಸಿ ಅದರ ಸಂಬಳ ಕೊಟ್ಟಿದ್ದರೆ ಆಗದು. ಕೊನೆಯದು, ವಸೂಲಿ ಮಾಡುವುದು ಕ್ರೂರ ಅಥವಾ ಅನ್ಯಾಯ ಎಂದು ಕೋರ್ಟಿಗೆ ಕಂಡರೆ ಆಗಲೂ ಆಗದು. ಹೈಸ್ಕೂಲ್ ಸಹಶಿಕ್ಷಕರು ಗ್ರೂಪ್ ಸಿ, ಹಾಗಾಗಿ ನಮ್ಮ ಮಾಸ್ತರರ ಕುಟುಂಬಗಳಿಗೆ ಮೊದಲ ಎರಡೂ ಸಾಲು ಬೇಕಾಗುತ್ತವೆ.

2022ರ ಮೇ 2ರಂದು ಥಾಮಸ್ ಡೇನಿಯಲ್ ವಿರುದ್ಧ ಕೇರಳ ರಾಜ್ಯ ಎಂಬ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಹೇಳಿತು. ಅವರೂ ಮಾಸ್ತರರೇ, 1999ರಲ್ಲಿ ನಿವೃತ್ತರಾದವರು. ಅವರು ಮೋಸ ಮಾಡಿರಲಿಲ್ಲ, ಸುಳ್ಳು ಹೇಳಿರಲಿಲ್ಲ, ತಪ್ಪು ಇಲಾಖೆಯದ್ದು, ಹಾಗಾಗಿ ವಸೂಲಿ ಇಲ್ಲ ಎಂದಾಯಿತು. 2020ರಲ್ಲಿ ಬಾಂಬೆ ಹೈಕೋರ್ಟಿನ ನಾಗ್ಪುರ ಪೀಠ 85 ವರ್ಷದ ಪಿಂಚಣಿದಾರರೊಬ್ಬರ ಖಾತೆಯಿಂದ ಬ್ಯಾಂಕ್ ಮಾಡಿದ ವಸೂಲಿಯನ್ನು ರದ್ದು ಮಾಡಿ ಬ್ಯಾಂಕಿಗೇ ದಂಡ ಹಾಕಿತ್ತು. ನೋಟಿಸ್ ಕೊಡದೆ ಕಡಿಯುವುದು ತಪ್ಪು ಎನ್ನಲು 1994ರ ಭಗವಾನ್ ಶುಕ್ಲಾ ಕೇಸು ಇದೆ.

ಬ್ಯಾಂಕ್ ಮೂಲಕ ಪಿಂಚಣಿ ಪಡೆಯುವವರಿಗೆ ಇನ್ನೊಂದು ಕಾಗದ ಉಪಯೋಗಕ್ಕೆ ಬರುತ್ತದೆ. ರಿಸರ್ವ್ ಬ್ಯಾಂಕ್ 2021ರ ಜನವರಿ 21ರಂದು ವಸೂಲಿಯ ಬಗ್ಗೆ ತನ್ನ ಹಳೆಯ ಸುತ್ತೋಲೆಗಳನ್ನು ಹಿಂದಕ್ಕೆ ಪಡೆಯಿತು. ಹೆಚ್ಚು ಪಾವತಿಯ ವಸೂಲಿ ಹೇಗೆ ಎಂದು ಪಿಂಚಣಿ ಮಂಜೂರು ಮಾಡಿದ ಪ್ರಾಧಿಕಾರವನ್ನು ಕೇಳಿ ನಡೆಯಿರಿ ಎಂದು ಬ್ಯಾಂಕುಗಳಿಗೆ ಹೇಳಿತು. ತಪ್ಪು ಬ್ಯಾಂಕಿನದ್ದಾದರೆ, ಪಿಂಚಣಿದಾರರಿಂದ ಬರುವವರೆಗೆ ಕಾಯದೆ ಬ್ಯಾಂಕೇ ಸರ್ಕಾರಕ್ಕೆ ಹಣ ತುಂಬಬೇಕು ಎಂದೂ ಅದರಲ್ಲಿದೆ. ಹಾಗಾಗಿ ನಿಮ್ಮ ಪತ್ರದಲ್ಲಿ ನೇರವಾಗಿ ಕೇಳಿ: ಯಾವ ಪ್ರಾಧಿಕಾರದ ಯಾವ ದಿನದ ಲಿಖಿತ ಸೂಚನೆಯ ಮೇಲೆ ನನ್ನ ಖಾತೆಯಿಂದ ಕಡಿದಿರಿ? ಚಿಕ್ಕಿಯ ಕೇಸಿನಲ್ಲಿ ಆ ಪ್ರಶ್ನೆಗೆ ಉತ್ತರವೇ ಬರಲಿಲ್ಲ.

ನಿಮ್ಮ ಕೇಸು ಎಲ್ಲಿ ದುರ್ಬಲ ಎಂಬುದನ್ನೂ ತಿಳಿದುಕೊಂಡೇ ಹೊರಡಬೇಕು.

ದೊಡ್ಡ ತೊಡಕು ಮುಚ್ಚಳಿಕೆ. 2016ರ ಜಗದೇವ್ ಸಿಂಗ್ ಕೇಸಿನಲ್ಲಿ, ಹೊಸ ವೇತನ ಶ್ರೇಣಿ ಆಯ್ದುಕೊಳ್ಳುವಾಗ "ಹೆಚ್ಚು ಬಂದರೆ ವಾಪಸು ಕೊಡುತ್ತೇನೆ" ಎಂದು ಬರೆದುಕೊಟ್ಟವರು ನಿವೃತ್ತರಾದರೂ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು, ಎರಡು ವರ್ಷದ ಕಂತಿನಲ್ಲಿ. ಪಿಂಚಣಿ ಶುರುವಾಗುವಾಗ ಬ್ಯಾಂಕಿನವರು ಇಂಥದ್ದೇ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿರುತ್ತಾರೆ. ಅದಕ್ಕೇ ಅದರ ಪ್ರತಿ ಕೇಳಿ ಎಂದದ್ದು. ಅದು ಸಿಗದೆಯೂ ಇರಬಹುದು. ಸಿಕ್ಕರೆ ಸಹಿ ಯಾರದ್ದು, ಯಾವಾಗಿನದ್ದು, ಯಾವುದಕ್ಕೆ ಬರೆದದ್ದು ಎಂದು ನೋಡಿ. ಚಿಕ್ಕಪ್ಪ ತಮ್ಮ ಪಿಂಚಣಿಗೆ ಬರೆದುಕೊಟ್ಟದ್ದು ಚಿಕ್ಕಿಯ ಸಹಿ ಆಗುವುದಿಲ್ಲ ಎಂದು ನಾವು ವಾದಿಸಿದೆವು.

ಎರಡನೇ ತೊಡಕು, ಹೆಚ್ಚು ಬರುತ್ತಿದೆ ಎಂದು ನಿಮಗೆ ಗೊತ್ತಿತ್ತು ಎಂದಾದರೆ ಅಥವಾ ತಪ್ಪು ಬೇಗನೆ ಕಂಡುಹಿಡಿದು ಸರಿಪಡಿಸಿದ್ದಾರೆ ಎಂದಾದರೆ ಕೋರ್ಟ್ ಕೈಹಿಡಿಯುವುದು ಕಷ್ಟ. ವಸೂಲಿ ಬೇಡ ಎನ್ನುವುದು ನಿಮ್ಮ ಹಕ್ಕಲ್ಲ, ಕಷ್ಟ ನೋಡಿ ಕೊಡುವ ಪರಿಹಾರ ಎಂದು ಕೋರ್ಟೇ ಹೇಳಿದೆ. ಅದಕ್ಕೇ ಸುಳ್ಳು ಬರೆಯಬೇಡಿ. ಮರುಮದುವೆ, ಮಗನ ಉದ್ಯೋಗ ಮುಂತಾದ್ದನ್ನು ಮುಚ್ಚಿಟ್ಟಿದ್ದರೆ ಈ ಯಾವ ತೀರ್ಪೂ ನೆರವಿಗೆ ಬರುವುದಿಲ್ಲ. ಪಿಂಚಣಿದಾರರು ತೀರಿಕೊಂಡ ಮೇಲೂ ಖಾತೆಗೆ ಬಂದ ಪಿಂಚಣಿಯಲ್ಲಿ ತಕರಾರಿಗೆ ಜಾಗವೇ ಇಲ್ಲ, ಅದನ್ನು ತಿಳಿಸಿ ವಾಪಸು ಕೊಟ್ಟುಬಿಡಿ.

ಇನ್ನೊಂದು, ಮುಂದಿನ ಪಿಂಚಣಿ ಸರಿಯಾದ ದರಕ್ಕೆ ಇಳಿಯುವುದನ್ನು ತಡೆಯಲು ಆಗುವುದಿಲ್ಲ. ತಡೆಯಬಹುದಾದದ್ದು ಹಿಂದಿನ ಹಣದ ವಸೂಲಿಯನ್ನು. ಚಿಕ್ಕಿಗೆ ಇದನ್ನು ಅರ್ಥ ಮಾಡಿಸುವುದೇ ನನಗೆ ಜಾಸ್ತಿ ಕಷ್ಟವಾಯಿತು.

ಆರನೆಯದು: ಪೂರ್ಣ ಉತ್ತರ

ತಖ್ತೆ ಕೈಗೆ ಬಂದ ಮೇಲೆ ಎರಡನೇ ಪತ್ರ. ಇದರಲ್ಲಿ ಮೊದಲು ನಿಮ್ಮ ಲೆಕ್ಕ ಹಾಕಿ, ಅವರ ಅಂಕಿಯ ಪಕ್ಕ ನಿಮ್ಮ ಅಂಕಿ. ಆಮೇಲೆ "ಈ ಲೆಕ್ಕವನ್ನು ತೋರಿಸಿದ ಮಾತ್ರಕ್ಕೆ ವಸೂಲಿಗೆ ನನ್ನ ಒಪ್ಪಿಗೆ ಇದೆ ಎಂದಲ್ಲ" ಎಂಬ ವಾಕ್ಯವನ್ನು ಮರೆಯದೆ ಬರೆಯಿರಿ, ಯಾಕೆಂದರೆ ಲೆಕ್ಕದ ತಪ್ಪು ಮಾತ್ರ ತೋರಿಸಿದರೆ ಉಳಿದ ಮೊತ್ತ ನೀವು ಒಪ್ಪಿದ್ದೀರಿ ಎಂದು ಹಿಡಿಯುವವರಿದ್ದಾರೆ. ನಂತರ ತಪ್ಪು ಯಾರದ್ದು ಎಂದು ದಿನಾಂಕ ಸಮೇತ, ಮೇಲಿನ ತೀರ್ಪುಗಳ ಹೆಸರು ಮತ್ತು ವರ್ಷ, ಕೊನೆಗೆ ಮನೆಯ ಪರಿಸ್ಥಿತಿ. ಇಲ್ಲಿ ಕಷ್ಟ ಹೇಳಿ, ಆದರೆ ಕಾಗದದ ಜೊತೆ: ಔಷಧಿ ಬಿಲ್ಲು, ಆಸ್ಪತ್ರೆ ಚೀಟಿ, ಬೇರೆ ಆದಾಯ ಇಲ್ಲ ಎನ್ನುವುದಕ್ಕೆ ಆದಾಯ ಪ್ರಮಾಣಪತ್ರ. ಐದನೇ ಸಾಲಿನ "ಕ್ರೂರ, ಅನ್ಯಾಯ" ಎನ್ನುವುದಕ್ಕೆ ಆಧಾರ ಸಿಗುವುದು ಈ ಚೀಟಿಗಳಿಂದಲೇ.

ಲಿಖಿತ ಉತ್ತರ ಬೇಕು ಎಂದು ಕೊನೆಯಲ್ಲಿ ಕೇಳಿ.

ಉತ್ತರ ಬರದಿದ್ದರೆ ಎಲ್ಲಿಗೆ?

ತಪ್ಪು ಬ್ಯಾಂಕಿನ ಸೇವೆಯದ್ದು ಎನಿಸಿದರೆ ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಾಯಿರಿ, ಆಮೇಲೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು. ಶುಲ್ಕ ಇಲ್ಲ, ಆನ್‌ಲೈನ್‌ನಲ್ಲಿ ಹಾಕಬಹುದು, ಮಾಹಿತಿಗೆ 14448. ಪಿಂಚಣಿ ಅದಾಲತ್ ಯಾವಾಗ ಎಂದು ಖಜಾನೆಯಲ್ಲಿ ಕೇಳಿಡಿ, ಲೆಕ್ಕದ ತಪ್ಪು ಸರಿಪಡಿಸಲು ಅದು ಒಳ್ಳೆಯ ಜಾಗ.

ಇಲಾಖೆಯೇ ವಸೂಲಿ ಆದೇಶ ಮಾಡಿದ್ದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ, ಜನರ ಬಾಯಲ್ಲಿ ಕೆಎಟಿ. ನಮ್ಮ ಜಿಲ್ಲೆಯವರಿಗೆ ಬೆಳಗಾವಿ ಪೀಠ. ಆದೇಶದ ದಿನದಿಂದ ಒಂದು ವರ್ಷದೊಳಗೆ ಹೋಗಬೇಕು. ಮನವಿ ಕೊಟ್ಟು ಉತ್ತರವೇ ಬರದಿದ್ದರೆ ಆರು ತಿಂಗಳು ಕಾದು, ಅಲ್ಲಿಂದ ಒಂದು ವರ್ಷ. "ನೋಡ್ತೇವೆ, ಮಾಡ್ತೇವೆ" ಎನ್ನುವ ಮಾತು ನಂಬಿ ಈ ಅವಧಿ ಕಳೆದುಕೊಂಡವರನ್ನು ಕಂಡಿದ್ದೇನೆ, ದಯವಿಟ್ಟು ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ನೌಕರರು ತೀರಿಕೊಂಡಿದ್ದರೆ ಕುಟುಂಬ ಪಿಂಚಣಿದಾರರೂ ಅಲ್ಲಿ ಅರ್ಜಿ ಹಾಕಬಹುದು. ಅನುದಾನಿತ ಶಾಲೆಯವರು, ಹಾಗೆಯೇ ಇಲಾಖೆಯ ಆದೇಶ ಇಲ್ಲದೆ ಬ್ಯಾಂಕೇ ಕಡಿಯುತ್ತಿದ್ದರೆ ಅಂಥವರು, ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್ ಹಾಕುವ ದಾರಿ. ಅಂಚೆ, ರೈಲ್ವೆ, ಕಾರವಾರ ನೌಕಾನೆಲೆಯ ಸಿವಿಲ್ ನೌಕರರಂಥ ಕೇಂದ್ರದವರಿಗೆ ಬೆಂಗಳೂರಿನ ಕೇಂದ್ರ ಆಡಳಿತ ನ್ಯಾಯಮಂಡಳಿ.

ಇವೆಲ್ಲ ದೂರ, ವಕೀಲರ ಫೀಸು ಬೇರೆ. ಅರಬೈಲ್ ಘಟ್ಟ ಹತ್ತಿ ಧಾರವಾಡ, ಬೆಳಗಾವಿಗೆ ಓಡಾಡುವುದು ಎಪ್ಪತ್ತರ ಹೆಂಗಸಿಗೆ ಆಗುವ ಮಾತಲ್ಲ. ಆದರೆ ಉಚಿತ ಕಾನೂನು ನೆರವಿಗೆ ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ, 1987ರ ಕಾಯ್ದೆಯ ಸೆಕ್ಷನ್ 12 ಇದನ್ನು ಹೇಳುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೂ ಹಾಗೆಯೇ. ಕಾರವಾರದ ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ತಾಲೂಕು ಕೋರ್ಟುಗಳಲ್ಲಿ ಅದರ ಸಮಿತಿ ಇದೆ. ಫೋನ್ 15100. ಒಂದು ಅರ್ಜಿ, ಆಧಾರ್ ಝೆರಾಕ್ಸ್, ನೋಟಿಸ್ ಪ್ರತಿ ಹಿಡಿದು ಹೋಗಿ.

ಕೊನೆಗೂ ಕಟ್ಟಲೇಬೇಕು ಎಂದಾದರೆ ಒಂದೇ ಸಲ ಕಟ್ಟಬೇಡಿ. ಬಡ್ಡಿ ಇಲ್ಲದೆ, ಮನೆ ನಡೆಯುವಷ್ಟು ಉಳಿಯುವ ಕಂತು ಕೇಳಿ, ಕಂತಿನ ಆದೇಶ ಬರವಣಿಗೆಯಲ್ಲಿ ಪಡೆಯಿರಿ. ಹಣ ಕಟ್ಟುವಾಗಲೂ "ನನ್ನ ತಕರಾರು ಉಳಿಸಿಕೊಂಡು ಕಟ್ಟುತ್ತಿದ್ದೇನೆ" ಎಂದು ಬರೆಯಿರಿ.

ಪಿಎಂ ಕಿಸಾನ್ ಮತ್ತು ಇತರ ಪಿಂಚಣಿ

ಅಡಿಕೆ ತೋಟದವರಿಗೆ ಈಚೆಗೆ ಪಿಎಂ ಕಿಸಾನ್ ಹಣ ವಾಪಸು ಕಟ್ಟಿ ಎಂಬ ಪತ್ರಗಳೂ ಬರುತ್ತಿವೆ. ವರ್ಷಕ್ಕೆ ₹6,000ದ ಈ ಯೋಜನೆಯಲ್ಲಿ ಹಿಂದಿನ ತೆರಿಗೆ ನಿರ್ಧಾರಣಾ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದವರಿಗೆ, ತಿಂಗಳಿಗೆ ₹10,000 ಅಥವಾ ಹೆಚ್ಚು ಪಿಂಚಣಿ ಇರುವವರಿಗೆ ಹಣ ಇಲ್ಲ. ಗ್ರೂಪ್ ಡಿ ಪಿಂಚಣಿದಾರರಿಗೆ ಮಾತ್ರ ವಿನಾಯಿತಿ. ಇಲ್ಲಿ ರಫೀಕ್ ಮಸೀಹ್ ಹೇಳಿ ಉಪಯೋಗವಿಲ್ಲ, ಅದು ನೌಕರರ ವಿಷಯ. ಇಲ್ಲಿ ನೋಡಬೇಕಾದದ್ದು ಯಾವ ವರ್ಷ ಎಂಬುದು. ರಿಟರ್ನ್ ಹಾಕುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಸಾಲಕ್ಕೆ ಬೇಕೆಂದು ಸೊನ್ನೆ ತೆರಿಗೆಯ ರಿಟರ್ನ್ ಹಾಕಿದವರು ಆ ರಿಟರ್ನಿನ ಪ್ರತಿ ಹಿಡಿದು ರೈತ ಸಂಪರ್ಕ ಕೇಂದ್ರದಲ್ಲಿ ಆಕ್ಷೇಪಣೆ ಕೊಡಿ. ಒಂದು ವರ್ಷ ತೆರಿಗೆ ಕಟ್ಟಿದ್ದಕ್ಕೆ ಎಲ್ಲ ಕಂತು ಕೇಳಿದ್ದರೆ ಯಾವ ಕಂತು ಯಾವ ವರ್ಷದ್ದು ಎಂದು ಬಿಡಿಸಿ ಕೇಳಿ. ಸಂಧ್ಯಾ ಸುರಕ್ಷಾ, ವಿಧವಾ ವೇತನದಲ್ಲಿ ಮಂಜೂರಾತಿ ತಹಶೀಲ್ದಾರ್ ಕಚೇರಿಯದ್ದು, ಆದೇಶದ ಪ್ರತಿ ಅಲ್ಲೇ ಕೇಳಬೇಕು. ಅಲ್ಲಿ ಕಿವಿಗೊಡದಿದ್ದರೆ ಉಪವಿಭಾಗಾಧಿಕಾರಿಗೆ ಬರೆಯಿರಿ.

ಚಿಕ್ಕಿಯ ಕೇಸು ಏನಾಯಿತು

ಮೊದಲ ಪತ್ರ ಕೊಟ್ಟ ಮೇಲೂ ಜನವರಿಯಲ್ಲಿ ಇನ್ನೊಂದು ₹7,000 ಕಡಿದರು. ಫೆಬ್ರುವರಿಯಿಂದ ಕಡಿತ ನಿಂತಿತು. ತಖ್ತೆ ಬಂದದ್ದು ಮಾಹಿತಿ ಹಕ್ಕಿನ ಮೊದಲ ಮೇಲ್ಮನವಿಯ ನಂತರ, ಅದರಲ್ಲಿ 33 ಸಾಲಿನಲ್ಲೂ ಅದೇ 14,000. ನಮ್ಮ ಲೆಕ್ಕ ಕಳಿಸಿದ ಮೇಲೆ ಮೊತ್ತವನ್ನು ತಿದ್ದಿ, ಖಜಾನೆಯ ಸೂಚನೆ ಬರುವವರೆಗೆ ವಸೂಲಿ ತಡೆಹಿಡಿಯಲಾಗಿದೆ ಎಂದು ಎರಡು ಸಾಲಿನ ಪತ್ರ ಬಂತು. ಕಡಿದ ₹14,000 ವಾಪಸು ಬರಲು ಮತ್ತೆ ಒಂಬತ್ತು ತಿಂಗಳು, ಮೂರು ನೆನಪಿನ ಪತ್ರ ಬೇಕಾಯಿತು. ಮುಚ್ಚಳಿಕೆಯ ಪ್ರತಿ ಇವತ್ತಿನವರೆಗೂ ಸಿಕ್ಕಿಲ್ಲ.

ಚಿಕ್ಕಿ ಈಗ ಎಲ್ಲ ಕಾಗದವನ್ನು ಚಿಕ್ಕಪ್ಪನ ಹಳೆಯ ಶಾಲೆ ಚೀಲದಲ್ಲಿ ದಿನಾಂಕದ ಪ್ರಕಾರ ಜೋಡಿಸಿ ಇಟ್ಟಿದ್ದಾರೆ. ಪ್ರತಿ ತಿಂಗಳು ಪಾಸ್‌ಬುಕ್ ಎಂಟ್ರಿ ಮಾಡಿಸಿ ಬಂದು ಅಂಕಿಯನ್ನು ಫೋನಿನಲ್ಲಿ ನನಗೆ ಓದಿ ಹೇಳುತ್ತಾರೆ. ಪಕ್ಕದ ಮನೆಯ ಅಕ್ಕೋರ ಪಿಪಿಒವನ್ನೂ ಅವರೇ ತರಿಸಿ, ದರ ಇಳಿಯುವ ದಿನಾಂಕ ಯಾವುದು ನೋಡು ಎಂದು ಕಳೆದ ವಾರ ಫೋಟೋ ಕಳಿಸಿದ್ದರು.